ಎಂಬತ್ತು ಸಾವಿರದ ಲೆಕ್ಕ

ನಾನು ಗಣಿತ ಕಲಿಸುವವಳಲ್ಲ. ಕನ್ನಡ ಮತ್ತು ಸಮಾಜ ವಿಜ್ಞಾನ ಕಲಿಸುತ್ತ ತಲೆಗೂದಲು ಬೆಳ್ಳಗಾದವು. ಆದರೂ ಒಂದು ಭಾಗಾಕಾರ ಈಚೆಗೆ ನನ್ನ ತಲೆ ಬಿಟ್ಟು ಹೋಗುತ್ತಿಲ್ಲ. 80,000 ರೂಪಾಯಿಯನ್ನು ಒಂಬತ್ತು ವರ್ಷಕ್ಕೆ ಹಂಚಿದರೆ ದಿನಕ್ಕೆ ಎಷ್ಟು ಬೀಳುತ್ತದೆ? 24 ರೂಪಾಯಿ, ಮೇಲೆ ಒಂದಿಷ್ಟು ಚಿಲ್ಲರೆ. ನಮ್ಮ ಅಣ್ಣಿಗೇರಿಯ ಎರೆಹೊಲದಲ್ಲಿ ಕಡಲೆ ಕೀಳಲು ಹೋದ ಹೆಣ್ಣುಮಗಳಿಗೆ ಇಷ್ಟು ಕೂಲಿ ಕೊಟ್ಟರೆ ಆಕೆ ಹೊಲದ ಒಡೆಯನ ಮುಖದ ಮೇಲೆ ಎಸೆದು ಬಂದಾಳು.

ಆ ದುಡ್ಡು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಕೂಸಿಗೆ ಬಂದದ್ದು. ಊರು ಯಾವುದು, ಆಸ್ಪತ್ರೆ ಯಾವುದು ಎಂದು ಹೇಳಲಾರೆ. ಚೊಚ್ಚಲ ಹೆರಿಗೆ. ರಾತ್ರಿಯೆಲ್ಲ ಬ್ಯಾನಿ ತಿಂದಳು. ನೀರು ಹೋಗಿ ಎಷ್ಟೋ ಹೊತ್ತಾಗಿತ್ತು. ಅವಳ ಅವ್ವ ಕೇಳಿದಾಗಲೆಲ್ಲ ನರ್ಸಮ್ಮನದು ಒಂದೇ ಮಾತು: “ಇನ್ನೂ ಟೈಮ್ ಐತಿ.” ಡಾಕ್ಟರು ಬಂದದ್ದು ಬೆಳಗಾಗುವ ಹೊತ್ತಿಗೆ. ಕೂಸು ಹುಟ್ಟಿತು, ಅಳಲಿಲ್ಲ. ಮೈ ನೀಲಿಗಟ್ಟಿತ್ತು. ಅಲ್ಲಿಂದ ಹುಬ್ಬಳ್ಳಿಗೆ ಓಡಿಸಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು ಉಳಿಸಿಕೊಂಡರು. ಹತ್ತು ತಿಂಗಳಾದರೂ ಕುತ್ತಿಗೆ ನಿಲ್ಲಲಿಲ್ಲ. ಹುಬ್ಬಳ್ಳಿಯ ಮಕ್ಕಳ ಡಾಕ್ಟರು “ಸೆರೆಬ್ರಲ್ ಪಾಲ್ಸಿ” ಎಂದು ಚೀಟಿಯ ಮೇಲೆ ಬರೆದುಕೊಟ್ಟರು.

ಆಮೇಲೆ ಅವರ ಮನೆಯ ಪಡಸಾಲೆಯಲ್ಲಿ ಹಿರಿಯರು ಕೂಡಿದರು. ಹೆರಿಗೆ ಮಾಡಿಸಿದ ಆಸ್ಪತ್ರೆಯ ಕಡೆಯಿಂದ ಒಬ್ಬ ಮಧ್ಯಸ್ಥ ಬಂದಿದ್ದ. ಮೊದಲು 40,000, ಆಮೇಲೆ 60,000, ಚಹಾ ಕುಡಿದ ಮೇಲೆ 80,000. ಕುರಿ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿಯುವುದಕ್ಕೂ ಇದಕ್ಕೂ ವ್ಯತ್ಯಾಸ ನನಗೆ ಕಾಣಲಿಲ್ಲ. “ಹೆಣ್ಣು ಕೂಸು, ದೇವರಿಟ್ಟಾಂಗಾಗ್ತದ, ಡಾಕ್ಟರ ಕೂಡ ಯಾಕ ವೈರ” ಎಂದ ಒಬ್ಬ ಹಿರಿಯ. ಗಂಡು ಕೂಸಾಗಿದ್ದರೆ ಲಕ್ಷ ದಾಟುತ್ತಿತ್ತೇನೋ. ಆ ಹುಡುಗಿ ಬಾಗಿಲ ಹಿಂದೆ ನಿಂತು ನನ್ನನ್ನೇ ಕೇಳಿದಳು: “ಅಕ್ಕೋರ, ನೀವರ ಹೇಳ್ರಿ, ತಗೊಳ್ಳಲೇನ್ರಿ?”

ನಾನು ತಗೋ ಅಂದೆ. ಕೋರ್ಟು ಕಚೇರಿ ಅಂದರೆ ಚಪ್ಪಲಿ ಸವೆಯುತ್ತವೆ, ಬಂದದ್ದು ಬರಲಿ ಅಂದೆ. ಬಿ.ಎ., ಬಿ.ಎಡ್. ಓದಿದವಳು, ಮಕ್ಕಳಿಗೆ ಗ್ರಾಹಕರ ಹಕ್ಕುಗಳ ಪಾಠ ಹೇಳಿ ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ ಕೊಡುವವಳು ನಾನು. ಕೂಸು ಹುಟ್ಟಿ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಗ್ರಾಹಕ ವೇದಿಕೆಗೆ ಅರ್ಜಿ ಹಾಕಲು ಕಾನೂನು ಕೊಟ್ಟ ಅವಧಿ ಎರಡು ವರ್ಷ. ಅಂದರೆ ಬಾಗಿಲು ತೆರೆದೇ ಇತ್ತು. ಅದನ್ನು ಮುಚ್ಚಿದವರಲ್ಲಿ ನಾನೂ ಒಬ್ಬಳು.

ಡಾಕ್ಟರರನ್ನೆಲ್ಲ ಬೈಯುವುದು ನನ್ನ ಉದ್ದೇಶವಲ್ಲ. ನನ್ನ ಎರಡೂ ಹೆರಿಗೆಗಳನ್ನು ಸುಸೂತ್ರವಾಗಿ ಮಾಡಿಸಿದ್ದು ಡಾಕ್ಟರೇ. ಸೆರೆಬ್ರಲ್ ಪಾಲ್ಸಿ ಎಂದ ಕೂಡಲೇ ಹೆರಿಗೆಯಲ್ಲಿ ತಪ್ಪಾಗಿದೆ ಎನ್ನಲೂ ಬಾರದು. ಗರ್ಭದಲ್ಲೇ ತಗಲುವ ಸೋಂಕು, ದಿನ ತುಂಬದೆ ಹುಟ್ಟುವುದು, ಹೀಗೆ ಬೇರೆ ಕಾರಣಗಳೇ ಬಹಳ. ಒಬ್ಬ ಸಾಧಾರಣ ಸಮರ್ಥ ಡಾಕ್ಟರು ಮಾಡಬೇಕಾದ್ದನ್ನು ಮಾಡಿದರೇ ಎಂಬುದಷ್ಟೇ ಪ್ರಶ್ನೆ ಎಂದು ಸುಪ್ರೀಂ ಕೋರ್ಟು 2005ರಲ್ಲಿ ಹೇಳಿದೆ. ಅದು ನ್ಯಾಯವೇ. ಆದರೆ ಆ ರಾತ್ರಿ ಕೂಸಿನ ಎದೆಬಡಿತವನ್ನು ಅರ್ಧ ತಾಸಿಗೊಮ್ಮೆ ಯಾರಾದರೂ ಕೇಳಿದರೇ? ಬರೆದಿಟ್ಟರೇ? ಅದಕ್ಕೆಂದೇ ಪಾರ್ಟೋಗ್ರಾಫ್ ಎಂಬ ಒಂದು ಹಾಳೆ ಇರುತ್ತದೆ. ಕೇಳಿದ 72 ತಾಸಿನೊಳಗೆ ರೋಗಿಯ ದಾಖಲೆ ಕೊಡಬೇಕು, ಮೂರು ವರ್ಷ ಕಾದಿಡಬೇಕು ಎಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮ ಹೇಳುತ್ತದೆ. ಪಡಸಾಲೆಯಲ್ಲಿ ಕೂತ ಹನ್ನೊಂದು ಮಂದಿಯಲ್ಲಿ ಒಬ್ಬರೂ ಆ ಹಾಳೆ ಕೇಳಲಿಲ್ಲ. ಎಲ್ಲರೂ ಕೇಳಿದ್ದು ರೊಕ್ಕ ಎಷ್ಟು ಎಂದು.

ಹಾಗಾದರೆ ಕೋರ್ಟಿನಲ್ಲಿ ರೊಕ್ಕ ಎಷ್ಟೆಂದು ಹೇಗೆ ಗೊತ್ತುಮಾಡುತ್ತಾರೆ? ತಡವಾಗಿ ಓದಿ ತಿಳಿದುಕೊಂಡೆ. ಈವರೆಗೆ ಆದ ಖರ್ಚು ಒಂದು ಕಡೆ. ಮುಂದೆ ಜೀವಮಾನವಿಡೀ ಆಗುವ ಔಷಧ, ವ್ಯಾಯಾಮ ಚಿಕಿತ್ಸೆ, ಗಾಲಿ ಕುರ್ಚಿ ಇನ್ನೊಂದು ಕಡೆ. ನೋಡಿಕೊಳ್ಳುವವರ ಸಂಬಳ, ಕೂಸು ದೊಡ್ಡದಾಗಿ ಗಳಿಸಬಹುದಾಗಿದ್ದ ಆದಾಯ, ನೋವು, ತಂದೆತಾಯಿಯ ಸಂಕಟ, ತಡವಾದುದಕ್ಕೆ ಬಡ್ಡಿ. ಇವನ್ನೆಲ್ಲ ಬೇರೆ ಬೇರೆ ಬರೆದು ಕೂಡಿಸಬೇಕು.

ಕೂಡಿಸಿದಾಗ ಏನಾಗುತ್ತದೆ ನೋಡಿ. 1996ರಲ್ಲಿ ಚೆನ್ನೈನ ಎಗ್ಮೋರ್ ಸರ್ಕಾರಿ ಆಸ್ಪತ್ರೆಯಲ್ಲಿ ದಿನ ತುಂಬದ ಹೆಣ್ಣು ಕೂಸೊಂದು ಹುಟ್ಟಿತು. ತೂಕ 1,250 ಗ್ರಾಂ. ಇಂಥ ಕೂಸುಗಳ ಕಣ್ಣಿನ ಅಕ್ಷಿಪಟಲವನ್ನು ಸಕಾಲದಲ್ಲಿ ಪರೀಕ್ಷಿಸಬೇಕು. ಪರೀಕ್ಷಿಸಲಿಲ್ಲ, ಕೂಸು ಕುರುಡಾಯಿತು. ರಾಷ್ಟ್ರೀಯ ಗ್ರಾಹಕ ಆಯೋಗ ಕೊಟ್ಟದ್ದು 5 ಲಕ್ಷ. ತಂದೆ ಬಿಡಲಿಲ್ಲ. 2015ರಲ್ಲಿ ಸುಪ್ರೀಂ ಕೋರ್ಟು ಬಾಬುವಾರು ಲೆಕ್ಕ ಹಾಕಿ, ಬೆಲೆಯೇರಿಕೆಯನ್ನೂ ಹಿಡಿದು, ಮುಂದಿನ ಖರ್ಚಿಗೆ 1 ಕೋಟಿ 38 ಲಕ್ಷ, ಹಿಂದಿನ ಖರ್ಚಿಗೆ 42 ಲಕ್ಷ 87 ಸಾವಿರ ಕೊಡಿಸಿತು. ಅದೇ ಕೂಸು, ಅವೇ ಕಣ್ಣು. ಬದಲಾದದ್ದು ಲೆಕ್ಕ ಬರೆದ ರೀತಿ. ಹತ್ತೊಂಬತ್ತು ವರ್ಷ ಬಿಲ್ಲು ಜೋಡಿಸಿಟ್ಟ ಆ ತಂದೆಗೆ ಮನಸ್ಸಿನಲ್ಲೇ ಕೈಮುಗಿದೆ. ನಮ್ಮ ಹುಡುಗಿಯ ಗಂಡ ಹಮಾಲಿ. ಆತನ ಬಿಲ್ಲುಗಳು ಅಂಗಿಯ ಕಿಸೆಯಲ್ಲೇ ತೊಳೆದು ಮುದ್ದೆಯಾದವು.

ಈ 5 ಲಕ್ಷ ಎಂಬ ಅಂಕಿಯ ಮೇಲೆ ನನಗೆ ಸಿಟ್ಟಿದೆ. 2024ರ ನವೆಂಬರಿನಲ್ಲಿ ನಮ್ಮ ಬಳ್ಳಾರಿಯಲ್ಲಿ ಸಿಜೇರಿಯನ್ ಆದ ಬಾಣಂತಿಯರು ಸಾಲಾಗಿ ಸತ್ತರು, ಐವರು. ರಿಂಗರ್ ಲ್ಯಾಕ್ಟೇಟ್ ಎಂಬ ಸಲೈನ್ ಮೇಲೆ ಅನುಮಾನ ಬಂತು. ಸರ್ಕಾರ ಮೊದಲು 2 ಲಕ್ಷ ಅಂದಿತು, ಗದ್ದಲವಾದ ಮೇಲೆ 5 ಲಕ್ಷ ಅಂದಿತು. ಎರಡು ಎಲ್ಲಿಂದ ಬಂತು, ಐದು ಎಲ್ಲಿಂದ ಬಂತು? ಎದೆಹಾಲಿಲ್ಲದೆ ಉಳಿದ ಕೂಸಿನ ಹಾಲಿನ ಪುಡಿಯ ಲೆಕ್ಕ ಅದರಲ್ಲಿದೆಯೇ? ಅದು ಪರಿಹಾರವಲ್ಲ, ಗದ್ದಲ ಅಡಗಿಸುವ ದರ. ನಮ್ಮ ಪಡಸಾಲೆಯಲ್ಲಿ ಆದದ್ದೂ ಅದೇ.

ಆದರೆ ನನ್ನ ದೊಡ್ಡ ಜಗಳ ಬೇರೆಯೇ ಇದೆ. ಈ ಲೆಕ್ಕಗಳಲ್ಲಿ ತಾಯಿ ಎಲ್ಲಿದ್ದಾಳೆ?

ಮೋಟಾರು ಅಪಘಾತದ ಕಾಯ್ದೆಯಲ್ಲಿ ದುಡಿಯದವರ ಆದಾಯ ವರ್ಷಕ್ಕೆ 15,000 ಎಂದು 1994ರಲ್ಲಿ ಬರೆದಿಟ್ಟರು. ದಿನಕ್ಕೆ 41 ರೂಪಾಯಿ. ಮಕ್ಕಳನ್ನೂ ವರ್ಷಗಟ್ಟಲೆ ಇದೇ ತಕ್ಕಡಿಯಲ್ಲಿ ತೂಗಿದರು. ಹರಿಯಾಣದಲ್ಲಿ 2007ರ ಅಪಘಾತದಲ್ಲಿ ಮೆದುಳಿಗೆ ಪೆಟ್ಟು ಬಿದ್ದು ಒಂಬತ್ತು ತಿಂಗಳ ಕೂಸಿನ ಬುದ್ಧಿಯಷ್ಟೇ ಉಳಿದ 12 ವರ್ಷದ ಹುಡುಗಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2020ರಲ್ಲಿ ಆ ತಕ್ಕಡಿಯನ್ನು ಪಕ್ಕಕ್ಕೆ ಸರಿಸಿತು. ಗಳಿಕೆಗೆ ಕುಶಲ ಕೆಲಸಗಾರರ ಕನಿಷ್ಠ ಕೂಲಿ ಹಿಡಿಯಿತು. ಮೇಲಾಗಿ, ಹಗಲೂ ರಾತ್ರಿ ನೋಡಿಕೊಳ್ಳಲು ಒಬ್ಬರಲ್ಲ, ಇಬ್ಬರು ಬೇಕು ಎಂದಿತು. ತಲಾ 5,000ದಂತೆ ತಿಂಗಳಿಗೆ 10,000. ಹನ್ನೆರಡು ತಿಂಗಳು, ವಯಸ್ಸಿನ ಗುಣಕ 18. ಒಟ್ಟು 21 ಲಕ್ಷ 60 ಸಾವಿರ, ನೋಡಿಕೊಳ್ಳುವವರ ಬಾಬಿಗೇ.

ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಇಬ್ಬರು ಮಾಡುವ ಆ ಕೆಲಸವನ್ನು ನನ್ನ ವಿದ್ಯಾರ್ಥಿನಿ ಒಬ್ಬಳೇ ಒಂಬತ್ತು ವರ್ಷ ಮಾಡಿದ್ದಾಳೆ. ಗಂಜಿ ಕುಡಿಸಲು ಒಂದು ತಾಸು, ಏಕೆಂದರೆ ಗಂಟಲಲ್ಲಿ ಸಿಕ್ಕರೆ ಜೀವಕ್ಕೆ ಅಪಾಯ. ಮೈ ಬಿಗಿಯದಂತೆ ಕೈಕಾಲು ತೀಡುವುದು. ರಾತ್ರಿ ಎದ್ದು ಮಗ್ಗುಲು ಬದಲಿಸುವುದು. ವಾರಕ್ಕೊಮ್ಮೆ ಹುಬ್ಬಳ್ಳಿಯ ಬಸ್ಸಿನಲ್ಲಿ, ಈಗ ತೊಡೆಯ ಮೇಲೆ ಹಿಡಿಯದಷ್ಟು ಬೆಳೆದ ಹುಡುಗಿಯನ್ನು ಹೊತ್ತು. ಕೂಲಿ ಬಿಟ್ಟಳು, ಎರಡನೆಯ ಮಗುವಿನ ಆಸೆ ಬಿಟ್ಟಳು. ಇದಕ್ಕೆ ನಾವು ತಾಯ್ತನ ಎಂದು ಹೆಸರಿಟ್ಟು, ಹೆಸರಿಟ್ಟ ಮೇಲೆ ಬೆಲೆ ಕಟ್ಟಬಾರದು ಎನ್ನುತ್ತೇವೆ. ಹೊರಗಿನ ಹೆಂಗಸು ಬಂದು ಮಾಡಿದರೆ ಪಗಾರ, ತಾಯಿ ಮಾಡಿದರೆ ಪುಣ್ಯ! ಈ ಪುಣ್ಯದ ಉಳಿತಾಯವೆಲ್ಲ ಯಾರ ಜೇಬಿಗೆ ಹೋಯಿತು ಎಂಬುದನ್ನೂ ಯೋಚಿಸಿ.

1998ರಷ್ಟು ಹಿಂದೆಯೇ, ತಪ್ಪು ಇಂಜೆಕ್ಷನ್ನಿನಿಂದ ಮೆದುಳು ಕೆಟ್ಟ ದಿಲ್ಲಿಯ ಮಗುವಿಗೆ 12.5 ಲಕ್ಷ, ಬೇರೆಯಾಗಿ ತಂದೆತಾಯಿಗೆ 5 ಲಕ್ಷ ಕೊಡಿಸಿದ್ದನ್ನು ಸುಪ್ರೀಂ ಕೋರ್ಟು ಎತ್ತಿಹಿಡಿದಿತ್ತು. ತಂದೆತಾಯಿಯ ಹಕ್ಕೂ ಪ್ರತ್ಯೇಕ ಎಂದಾಯಿತು. ಅಂದ ಮೇಲೆ ಅರ್ಜಿ ಬರೆಯುವವರು ತಾಯಿಯ ದುಡಿಮೆಗೊಂದು ಸಾಲು ಏಕೆ ಬರೆಯಬಾರದು? ಕೇಳದಿದ್ದರೆ ಕೊಡುವವರಾರು?

ನಮ್ಮ ಜಿಲ್ಲೆಯ ಗ್ರಾಹಕ ಆಯೋಗ ಧಾರವಾಡದಲ್ಲಿದೆ. ಆಸ್ಪತ್ರೆಗೆ ಕಟ್ಟಿದ ದುಡ್ಡು 5 ಲಕ್ಷದೊಳಗಿದ್ದರೆ ಅರ್ಜಿಗೆ ಶುಲ್ಕವಿಲ್ಲ. ಎಲ್ಲರಿಗೂ ಪುಕ್ಕಟೆ ಇರುವ ಸರ್ಕಾರಿ ಆಸ್ಪತ್ರೆ ಮಾತ್ರ ಅದರೊಳಗೆ ಬರುವುದಿಲ್ಲವೆಂದು 1995ರ ತೀರ್ಪಿದೆ, ಅಲ್ಲಿಯದಾದರೆ ಸಿವಿಲ್ ದಾವೆಯೋ ಹೈಕೋರ್ಟೋ ಹಿಡಿಯಬೇಕು. ಎರಡು ವರ್ಷದ ಗಡುವು ಮಾತ್ರ ತಾಯಂದಿರಿಗೆ ಕುತ್ತು. ಕೂಸು ಕೂಡುವುದಿಲ್ಲ, ನಿಲ್ಲುವುದಿಲ್ಲ ಎಂದು ಮನೆಯವರು ಒಪ್ಪಿಕೊಳ್ಳುವಷ್ಟರಲ್ಲೇ ಅದರಲ್ಲಿ ಮುಕ್ಕಾಲು ಕಳೆದಿರುತ್ತದೆ. ಉಳಿದದ್ದು ಹರಕೆ, ಮಾಟದ ಶಂಕೆ, ಸೊಸೆಯ ಕಾಲ್ಗುಣದ ಮಾತಿಗೆ ಹೋಗುತ್ತದೆ.

ಹೋದ ತಿಂಗಳು ಅವಳ ಮನೆಗೆ ಹೋಗಿ, ಅಂದು ನಾನು ತಪ್ಪು ಹೇಳಿದೆ ಎಂದೆ. ಅವಳು ಅಳಲಿಲ್ಲ, ಮಗಳ ಬಾಯಿ ಒರೆಸಿದಳು. ಉಳಿದ ಕಾಗದಗಳನ್ನು ಧಾರವಾಡದ ವಕೀಲರೊಬ್ಬರಿಗೆ ತೋರಿಸಿದ್ದೇನೆ. ಬಹಳ ತಡವಾಗಿದೆ, ಅದರ ಮೇಲೆ ರಾಜಿ ಪತ್ರಕ್ಕೆ ಸಹಿ ಬೇರೆ ಹಾಕಿದ್ದಾರೆ ಎಂದು ತಲೆ ಅಲ್ಲಾಡಿಸಿದರು. ಆದರೂ ಕೂಸಿನ ಹೆಸರಿನಲ್ಲಿ ಏನಾದರೂ ದಾರಿ ಇದೆಯೇ ನೋಡೋಣ, ಖರ್ಚಿನ ಪಟ್ಟಿ ಬರೆಸಿ ತನ್ನಿ ಎಂದಿದ್ದಾರೆ. ನೂರು ಪುಟದ ನೋಟ್‌ಬುಕ್ ಒಯ್ದು ಕೊಟ್ಟೆ. ಅವಳು ಬಸ್ಸಿನ ಚಾರ್ಜು, ಔಷಧಿ, ಬೂಟು ಎಂದು ಬರೆಯುತ್ತ ಹೋಗಿ, ಪೆನ್ನು ನಿಲ್ಲಿಸಿ ಕೇಳಿದಳು: “ರಾತ್ರಿ ಎದ್ದದ್ದೂ ಬರೀಬೇಕೇನ್ರಿ ಅಕ್ಕೋರ?”

“ಅದನ್ನ ಮೊದಲ ಬರಿಯವಾ,” ಅಂದೆ.