ಪಾರ್ಕಿನ ಬೇಲಿ ಯಾರಿಗೆ?



ನಾನು ಬಿ.ಎ. ಓದುವಾಗ ನಮ್ಮ ಹಾಸ್ಟೆಲಿನ ಒಂದು ರೂಮಿಗೆ ಒಂಬತ್ತು ಜನ. ಪರೀಕ್ಷೆ ಬಂತೆಂದರೆ ಪುಸ್ತಕ ಹಿಡ್ಕೊಂಡು ಪಕ್ಕದ ಪಾರ್ಕಿಗೆ ಓಡ್ತಿದ್ದೆವು. ಬೆಳಿಗ್ಗೆ ಹತ್ತಾಯಿತೋ, ಕಾವಲುಗಾರ ಸೀಟಿ ಊದಿ 'ಏಳ್ರಲೇ, ಬೀಗ ಹಾಕ್ಬೇಕು' ಅನ್ನೋನು. ವಾಕಿಂಗ್ ಮಾಡುವ ದೊಡ್ಡಮನುಷ್ಯರು ಮನೆ ಸೇರಿದ ಮೇಲೆ ಪಾರ್ಕಿಗೇನು ಕೆಲಸ? ಬೀಗ ಯಾಕಣ್ಣಾ ಅಂತ ಕೇಳಿದರೆ 'ಸೇಫ್ಟಿಗೆ' ಅಂದ.

ಹುಡುಗಿಯರ ಹಾಸ್ಟೆಲಿನ ನಮ್ಮ ಕ್ಲಾಸಿನವರಂತೂ ಅಲ್ಲಿಗೆ ಕಾಲಿಟ್ಟವರೇ ಅಲ್ಲ. ಆಳೆತ್ತರದ ಬೇಲಿಗಿಡ, ಒಂದೇ ಗೇಟು, ಇದ್ದ ಮೂರು ದೀಪದಲ್ಲಿ ಎರಡು ಕೆಟ್ಟಿದ್ದವು. ಒಳಗೆ ಯಾರಾದರೂ ಅಡ್ಡ ಹಾಕಿದರೆ ಓಡೋದಕ್ಕೆ ಇನ್ನೊಂದು ದಾರಿ ಇಲ್ಲ. 'ಕೂಗಿದ್ರೂ ರಸ್ತೆಗೆ ಕೇಳಲ್ಲ ಕಣೋ' ಅಂತ ಒಬ್ಬಳು ಹೇಳಿದ್ದು ಇನ್ನೂ ನನ್ನ ತಲೆಯಲ್ಲಿದೆ. ಬೀಗ ನಮ್ಮನ್ನು ಹೊರಗೆ ಹಾಕಿತು. ಬೇಲಿ ಅವಳನ್ನು ಹೊರಗೆ ಹಾಕಿತು. ಹಾಗಾದರೆ ಸೇಫ್ ಆದದ್ದು ಯಾರು?

ನ್ಯೂಯಾರ್ಕಿನ ದೊಡ್ಡ ಲೈಬ್ರರಿಯ ಬೆನ್ನಿಗೆ ಬ್ರಯಂಟ್ ಪಾರ್ಕ್ ಅಂತ ಒಂದಿದೆ. 1934ರಲ್ಲಿ ಅದನ್ನು ರಸ್ತೆಗಿಂತ ಎತ್ತರಕ್ಕೇರಿಸಿ, ಸುತ್ತ ಗೋಡೆ ಕಟ್ಟಿ ಬೇಲಿಗಿಡ ಬೆಳೆಸಿದರು. ಊರ ಗದ್ದಲ ಒಳಗೆ ಬರಬಾರದು ಅಂತ. ಗದ್ದಲದ ಜೊತೆ ಜನರ ಕಣ್ಣೂ ಹೊರಗುಳಿಯಿತು. 1970ರ ದಶಕದ ಹೊತ್ತಿಗೆ ಅದು ಮಾದಕವಸ್ತು ಮಾರುವವರ ಅಡ್ಡೆ. ವಿಲಿಯಂ ವೈಟ್ ಅನ್ನುವಾತ, ಜನ ಎಲ್ಲಿ ಕೂರುತ್ತಾರೆ, ಎಷ್ಟು ಹೊತ್ತು ಕೂರುತ್ತಾರೆ ಅಂತ ಕ್ಯಾಮೆರಾ ಇಟ್ಟು ನೋಡುತ್ತಿದ್ದ ಮನುಷ್ಯ, ಮೊದಲು ಕೈ ತೋರಿಸಿದ್ದು ಆ ಬೇಲಿಯನ್ನು. ಪಾರ್ಕನ್ನು 1988ರಲ್ಲಿ ಮುಚ್ಚಿದರು. ಬೇಲಿ ತೆಗೆದು, ಬಾಗಿಲು ಅಗಲ ಮಾಡಿ, ಕಕ್ಕಸು ರಿಪೇರಿ ಮಾಡಿ 1992ರಲ್ಲಿ ತೆರೆದರು. ಎಳಕೊಂಡು ಹೋಗಿ ಬೇಕಾದಲ್ಲಿ ಕೂರುವಂಥ ಬಿಡಿ ಕುರ್ಚಿಗಳನ್ನು ಇಟ್ಟರು. (ನಮ್ಮಲ್ಲಾಗಿದ್ದರೆ ಸರಪಳಿ ಹಾಕೋರು.) ಜನ ಬಂದರು. ಒಂದು ಜಾಗ ನೆಟ್ಟಗಿದೆಯೋ ಇಲ್ಲವೋ ತಿಳಿಯೋದಕ್ಕೆ ಅಲ್ಲಿ ಹೆಂಗಸರು ಎಷ್ಟು ಕೂತಿದ್ದಾರೆ ನೋಡಿ ಅಂತಿದ್ದ ವೈಟ್. ನನ್ನ ಪ್ರಕಾರ ಇದಕ್ಕಿಂತ ಒಳ್ಳೆ ಅಳತೆಗೋಲು ಇಲ್ಲ.

ಅದೆಲ್ಲ ಚಿನ್ನ ಅಂತ ನಾನು ಹೇಳ್ತಿಲ್ಲ. ಆ ಪಾರ್ಕು ನಡೆಸೋದು ಖಾಸಗಿ ಸಂಸ್ಥೆ, ಅಲ್ಲೂ ಕಾವಲಿದೆ. ಕಾಫಿಗೆ ಕಾಸಿದ್ದವನಿಗೆ ಮಾಡಿದ ಜಾಗ ಅನ್ನೋ ತಕರಾರೂ ಇದೆ. ಆ ತಕರಾರು ನಮಗೂ ಬೇಕು.

ಆಸ್ಟ್ರಿಯಾದ ವಿಯೆನ್ನಾ ನಗರದ ಕಥೆ ನನಗೆ ಇನ್ನೂ ಹತ್ತಿರ. ಒಂಬತ್ತು ವರ್ಷ ದಾಟಿದ ಹುಡುಗಿಯರು ಪಾರ್ಕಿನಿಂದ ಮಾಯವಾಗ್ತಾರೆ ಅನ್ನೋದು 1990ರ ದಶಕದ ಒಂದು ಅಧ್ಯಯನದಲ್ಲಿ ಗೊತ್ತಾಯ್ತು. ಬೇಲಿ ಹಾಕಿದ ಆಟದ ಅಂಗಳಕ್ಕೆ ಹುಡುಗರು ನುಗ್ಗಿದರೆ ಹುಡುಗಿಯರು ಜಗಳಕ್ಕೆ ನಿಲ್ಲದೆ ಮನೆಗೆ ಹೋಗ್ತಿದ್ದರು. 1999ರಿಂದ ಎರಡು ಪಾರ್ಕುಗಳನ್ನು ಬದಲಿಸಿದರು. ದೊಡ್ಡ ಬಯಲನ್ನು ಚಿಕ್ಕ ಚಿಕ್ಕ ಜಾಗ ಮಾಡಿದರು, ಅಂಗಳಕ್ಕೆ ಬಾಗಿಲು ಹೆಚ್ಚಿಸಿದರು. ಹುಡುಗಿಯರು ವಾಪಸ್ ಬಂದರು. ಯಾರನ್ನೂ ಓಡಿಸಲಿಲ್ಲ ನೋಡಿ.

ನಮ್ಮ ನಗರಸಭೆಯವರಿಗೆ ಸೇಫ್ಟಿ ಅಂದರೆ ಓಡಿಸೋದೇ. ಬೆಂಚಿನ ನಡುವೆ ಕಬ್ಬಿಣದ ಪಟ್ಟಿ ಬಡೀತಾರೆ, ಯಾರೂ ಮಲಗಬಾರದಂತೆ. ಅಲ್ಲಿ ಮಲಗೋರು ಯಾರು? ಕತ್ತಲಲ್ಲೇ ಎದ್ದು ಬೀದಿ ಗುಡಿಸಿದ ನಮ್ಮ ಅವ್ವಂದಿರು. ಬೇಡದವರಿಗಿಂತ, ಬೇಡದವರನ್ನು ಓಡಿಸೋದಕ್ಕೆ ಹೂಡುವ ಉಪಾಯವೇ ದೊಡ್ಡ ಕೇಡು ಅಂತ ಅದೇ ವೈಟ್ 1980ರಲ್ಲೇ ಬರೆದಿದ್ದಾನೆ.

1917ರಲ್ಲಿ ಬರೋಡಾದ ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದವರು ಬಾಬಾಸಾಹೇಬರನ್ನು ಹೊರಡಿಸಿದರು. ಗೆಳೆಯರ ಮನೆಯಲ್ಲೂ ಜಾಗ ಸಿಗಲಿಲ್ಲ. ಬೊಂಬಾಯಿ ರೈಲು ರಾತ್ರಿ ಒಂಬತ್ತಕ್ಕೆ. ಆ ಐದು ಗಂಟೆ ಎಲ್ಲಿ ಕಳೆಯೋದು? ಕಾಮಾಟಿ ಬಾಗ್ ಎಂಬ ಪಬ್ಲಿಕ್ ಪಾರ್ಕಿನಲ್ಲಿ ಕೂತರು. ಅವರೇ ಬರೆದಿದ್ದಾರೆ, ಓದಿ. ಕೊಲಂಬಿಯಾದಲ್ಲಿ ಓದಿ ಬಂದವರಿಗೆ ಊರೆಲ್ಲ ಬಾಗಿಲು ಹಾಕಿದಾಗ ಉಳಿದದ್ದು ಒಂದು ಪಾರ್ಕು. ಅದಕ್ಕೂ ಆ ಹೊತ್ತಿಗೆ ಬೀಗ ಬಿದ್ದಿದ್ದರೆ?

ಅದಕ್ಕೇ ಹೇಳ್ತಿದೀನಿ. ಬರುವ ಭಾನುವಾರ ಸಂಜೆ ಐದರಿಂದ ಎಂಟರವರೆಗೆ ನೋಟ್‌ಬುಕ್ ಹಿಡಿದು ನಿಮ್ಮ ಊರಿನ ಪಾರ್ಕಿನಲ್ಲಿ ಕೂತ್ಕೊಳ್ಳಿ. ಹೆಂಗಸರು ಎಷ್ಟು, ಯಾವ ಮೂಲೆ ಖಾಲಿ, ಯಾವ ದೀಪ ಕೆಟ್ಟಿದೆ, ಬೇಲಿ ಎಷ್ಟೆತ್ತರ, ಎಲ್ಲ ಬರ್ಕೊಳ್ಳಿ. ಆಮೇಲೆ ನಗರಸಭೆಗೆ ಅರ್ಜಿ ಹಾಕೋಣ: ಬೇಲಿಗಿಡ ಸೊಂಟದೆತ್ತರಕ್ಕೆ ಕತ್ತರಿಸಿ, ಇನ್ನೊಂದು ಗೇಟು ಕೊಡಿ, ಮರದ ತಲೆ ಮೇಲಲ್ಲ ದಾರಿ ಮೇಲೆ ದೀಪ ಹಾಕಿ, ಕಕ್ಕಸು ಕಟ್ಟಿ, ಗೇಟಿನ ಹತ್ತಿರದ ಕಡಲೆಕಾಯಿ ಗಾಡಿಯವಳನ್ನು ಎಬ್ಬಿಸಬೇಡಿ, ಪಾರ್ಕಿನ ಮೇಲೆ ಮೊದಲ ಕಣ್ಣು ಅವಳದೇ. ಹಗಲು ಬೀಗ ಬೇಡ. ಅರ್ಜಿಯ ಮೊದಲ ಪುಟ ಹುಡುಗಿಯರ ಹಾಸ್ಟೆಲಿನವರು ಬರೆಯಲಿ. ನಾವು ನಕಲು ಮಾಡಿಕೊಟ್ಟರೆ ಸಾಕು.