ಪಾಪ, ಮುತ್ಯಾಗ ಏನ ತಿಳೀತದ?

ನರ್ಸಿಂಗ್ ಓದೋ ಮಕ್ಕಳಿಗೆ ವಯಸ್ಸಾದವರ ಬಗ್ಗೆ ಎಂಥ ಭಾವನೆ ಇದೆ ಅಂತ ಅಳೆಯೋಕೆ ಒಂದು ಪ್ರಶ್ನಾವಳಿ ಇದೆ. 1961ರಲ್ಲಿ ಅಮೆರಿಕದ ನೇಥನ್ ಕೋಗನ್ ಮಾಡಿದ್ದು. ಒಟ್ಟು 34 ವಾಕ್ಯ, ಅರ್ಧ ಮುದುಕರನ್ನ ಹೊಗಳೋವು, ಅರ್ಧ ತೆಗಳೋವು. ಎಷ್ಟು ಒಪ್ತೀರಿ ಅಂತ ಗುರುತು ಹಾಕಬೇಕು. ಇವತ್ತಿಗೂ ದೇಶ ದೇಶದ ನರ್ಸಿಂಗ್ ಕಾಲೇಜುಗಳಲ್ಲಿ ಇದನ್ನ ಹಂಚಿ ಅಧ್ಯಯನ ಮಾಡ್ತಾರೆ.

ನಮ್ಮ ಲಚ್ಯಾಣದಿಂದ ನರ್ಸಿಂಗ್ ಓದೋಕೆ ಹೋದ ಮಕ್ಕಳಿಗೆ ಇದನ್ನ ಕೊಟ್ರೆ? ಒಳ್ಳೇ ಮಾರ್ಕ್ಸೇ ಬರುತ್ತೆ ಅಂತ ನನ್ನ ಅಂದಾಜು. ಅಪ್ಪ ಅವ್ವ ಪುಣೆ, ಗೋವಾ ಅಂತ ದುಡಿಯೋಕೆ ಹೋದಾಗ ಆಯಿ-ಮುತ್ಯಾರ ಕೈಯಲ್ಲಿ ಬೆಳೆದವರು ಎಷ್ಟೋ ಜನ. ಮುತ್ಯಾ ಅನ್ನೋದು ನಮ್ಮ ಕಡೆ ಬರೀ ಅಜ್ಜನಿಗೆ ಹೇಳೋ ಮಾತಲ್ಲ, ಮಠದ ಹಿರಿಯ ಸ್ವಾಮಿಗಳನ್ನೂ ಹಾಗೆ ಕರೆಯೋದುಂಟು. ಅಂಥಾ ದೊಡ್ಡ ಶಬ್ದ. ಆದ್ರೂ ಅದೇ ಬಾಯಲ್ಲಿ "ಪಾಪ, ಮುತ್ಯಾಗ ಏನ ತಿಳೀತದ" ಅಂತೀವಲ್ಲ! ನನ್ನ ತಕರಾರು ಈ 'ಪಾಪ'ದ ಮೇಲೆ.

ನಮ್ಮ ದೊಡ್ಡವ್ವನ ಜೊತೆ ಒಂದು ಆಸ್ಪತ್ರೆಗೆ ಹೋಗಿದ್ದೆ. ಆಕೆ ಗಂಡ ಸತ್ತ ಮೇಲೆ ನಿಂಬೆ ತೋಟ ಒಬ್ಬಳೇ ನಡೆಸಿದವಳು (2023ರಲ್ಲಿ ಜಿಐ ಟ್ಯಾಗ್ ಬಂತಲ್ಲ, ಅದೇ ಇಂಡಿ ನಿಂಬೆ). ಯಾವ ಸಂತೆಗೆ ಎಷ್ಟು ದರ ಸಿಕ್ತು ಅನ್ನೋದು ಈಗಲೂ ಬಾಯಿಪಾಠ. ವಾರ್ಡಿಗೆ ಬಂದ ನರ್ಸಿಂಗ್ ಹುಡುಗಿ ತುಂಬಾ ಪ್ರೀತಿಯವಳು. ದೊಡ್ಡವ್ವನ ಗಲ್ಲ ಸವರಿ "ಜಾಣಿ ಇದ್ದೀ, ಗುಳಿಗಿ ನುಂಗು ಬಂಗಾರ" ಅಂದಳು. ಆಮೇಲೆ ತಿರುಗಿ ನಮ್ಮಣ್ಣನನ್ನ ಕೇಳಿದಳು, "ಆಯಿಗೆ ರಾತ್ರಿ ಹೊಟ್ಟಿ ನೋವಿತ್ತೇನ್ರಿ?"

ದೊಡ್ಡವ್ವ ಬಿಡ್ತಾಳಾ? "ಹೊಟ್ಟಿ ನಂದದ ತಂಗಿ, ಅವಂಗ್ಯಾಕ ಕೇಳತಿ?"

ಎಲ್ಲರೂ ನಕ್ಕರು. ಹುಡುಗಿಯೂ ನಕ್ಕಳು. ಆದ್ರೆ ಎಷ್ಟು ಆಯಿಯಂದಿರು ಹೀಗೆ ಬಾಯಿ ಮಾಡ್ತಾರೆ ಹೇಳಿ..

ವಯಸ್ಸು ನೋಡಿ ಮನುಷ್ಯರನ್ನ ತೂಗೋ ಈ ಚಾಳಿಗೆ 1969ರಲ್ಲಿ ರಾಬರ್ಟ್ ಬಟ್ಲರ್ ಅನ್ನೋ ಮನೋವೈದ್ಯರು 'ಏಜಿಸಂ' ಅಂತ ಹೆಸರಿಟ್ಟರು. ನಮ್ಮಲ್ಲಿ ಅದಕ್ಕೆ ಗಾದೆಯೇ ಇದೆ, ಅರವತ್ತಕ್ಕೆ ಅರಳು ಮರಳು. ಈ ಗಾದೆ ಕಟ್ಟೆ ಮೇಲಿದ್ರೆ ಹರಟೆ, ವಾರ್ಡಿನೊಳಗೆ ಬಂದ್ರೆ ಅಪಾಯ. ನಿನ್ನೆವರೆಗೆ ಚೆನ್ನಾಗಿದ್ದ ಮುತ್ಯಾ ಇವತ್ತು ಇದ್ದಕ್ಕಿದ್ದಂತೆ ಏನೇನೋ ಬಡಬಡಿಸಿದ್ರೆ ಅದು ಮುಪ್ಪಲ್ಲ. ಮೂತ್ರದ ಸೋಂಕಿರಬಹುದು, ನ್ಯುಮೋನಿಯಾ ಇರಬಹುದು, ರಕ್ತದಲ್ಲಿ ಸೋಡಿಯಂ ಇಳಿದಿರಬಹುದು, ಹೊಸ ಗುಳಿಗೆ ಒಗ್ಗದಿರಬಹುದು. ಡೆಲಿರಿಯಂ ಅಂತಾರೆ. ಕಾರಣ ಹುಡುಕಿ ಚಿಕಿತ್ಸೆ ಕೊಟ್ರೆ ಎಷ್ಟೋ ಜನ ಸರಿಹೋಗ್ತಾರೆ. ಡಾಕ್ಟರು ರೌಂಡ್ಸಿಗೆ ಬಂದು ಹೋಗೋರು, ದಿನವಿಡೀ ಹತ್ತಿರ ಇರೋದು ನರ್ಸು. ಆಕೆ "ವಯಸ್ಸಾತಲ್ಲ" ಅಂದುಕೊಂಡು ಸುಮ್ಮನಾದ್ರೆ ಆ ದಿನ ಹೋಯ್ತು ಅಂತಲೇ ಲೆಕ್ಕ.

ಹುಡುಗಿಯರನ್ನ ಬಯ್ದು ಉಪಯೋಗವಿಲ್ಲ. ಅವರಿಗೆ ವಿದ್ಯೆಯ ಭಾಗವಾಗಿ ಸಿಗೋ ಮುದುಕರೆಲ್ಲ ಹಾಸಿಗೆ ಹಿಡಿದವರೇ. ಕ್ಯಾಥೆಟರ್, ಬೆಡ್ ಸೋರು, ಬೆಡ್ ಪ್ಯಾನು. ಬರಗಾಲದಲ್ಲಷ್ಟೇ ನಮ್ಮ ಹೊಲ ನೋಡಿದವರು ಇಲ್ಲಿ ಏನೂ ಬೆಳೆಯೋದಿಲ್ಲ ಅಂದ್ರೆ ತಪ್ಪು ಯಾರದು? ಮುಪ್ಪಿನ ಪಾಠ ಸಿಲಬಸ್ಸಲ್ಲಿ ಇದೆ ನಿಜ. ಆದ್ರೆ ಹಳ್ಳಿ ಪೋಸ್ಟಿಂಗಿಗೆ ಬಂದಾಗ ಬರೀ ಬಿಪಿ ನೋಡಿ ರಜಿಸ್ಟರು ತುಂಬಿಸಿ ಹೋಗೋ ಬದಲು, ಒಬ್ಬೊಬ್ಬರಿಗೆ ಗಟ್ಟಿಮುಟ್ಟಾದ ಒಬ್ಬ ಆಯಿನೋ ಮುತ್ಯಾನೋ ಅಂತ ಹಚ್ಚಿಕೊಡಲಿ. ವರ್ಷದಲ್ಲಿ ನಾಲ್ಕೈದು ಸಲ ಹೋಗಿ ಕೂತು ರೋಗ ಬಿಟ್ಟು ಬೇರೇನಾದ್ರೂ ಕೇಳಲಿ.

ಒಬ್ಬ ನರ್ಸಿಗೆ ಅಷ್ಟೊಂದು ರೋಗಿಗಳು, ಕಿವಿ ಕೇಳದವರ ಜೊತೆ ಮಾತಾಡ್ತಾ ಕೂರೋಕೆ ಪುರುಸೊತ್ತೆಲ್ಲಿ ಅಂತೀರಾ? ಒಪ್ಪಿದೆ. ಮಗನನ್ನ ಕೇಳಿದ್ರೆ ಅರ್ಧ ನಿಮಿಷದಲ್ಲಿ ಮುಗಿಯುತ್ತೆ. ಆದ್ರೆ ರಾತ್ರಿ ಹೊಟ್ಟೆ ನೋವಿತ್ತು ಅನ್ನೋದು ನಮ್ಮಣ್ಣನಿಗೆ ಗೊತ್ತೇ ಇರಲಿಲ್ಲ. ಅವನು ಹೊರಗೆ ವರಾಂಡದಲ್ಲಿ ಮಲಗಿದ್ದ.

ನಿಮ್ಮಲ್ಲಿ ಯಾರಾದ್ರೂ ನರ್ಸಿಂಗ್ ಓದಿದವರಿದ್ರೆ ಹೇಳಿ.. ಮೊದಲು ರೋಗಿಯನ್ನೇ ಕೇಳಬೇಕು, ಅದಕ್ಕೂ ಮೊದಲು ಅವರ ಕನ್ನಡಕ, ಕಿವಿಯ ಮಷೀನು ಎಲ್ಲಿದೆ ಅಂತ ನೋಡಬೇಕು ಅಂತ ನಿಮಗೆ ಯಾರಾದ್ರೂ ಕಲಿಸಿದ್ರಾ?