ಅಕ್ಷರ ತಿದ್ದುವ ಕೈ

ಹೊರನಾಡಿನಲ್ಲಿ ನೆಲೆಸಿದ ನಮ್ಮಲ್ಲಿ ಮಕ್ಕಳ ವಿದ್ಯಾಭ್ಯಾಸವೆಂದರೆ ಎಂಜಿನಿಯರಿಂಗ್, ವೈದ್ಯಕೀಯ, ಲೆಕ್ಕಪರಿಶೋಧನೆ ಎಂಬ ಮೂರು ದಾರಿಗಳು ಬಹುಕಾಲದಿಂದ ನಿಶ್ಚಿತವಾಗಿವೆ. ಊರು ಬಿಟ್ಟು ಬಂದವರಿಗೆ ಭದ್ರತೆಯ ಹಂಬಲ ಸಹಜವಾದುದು. ಅದನ್ನು ಹೀಗಳೆಯುವ ಅಧಿಕಾರ ಪಿಂಚಣಿಯ ದಿನಗಳನ್ನು ಎಣಿಸುತ್ತಿರುವ ನನ್ನಂಥ ಕೇಂದ್ರ ಸರಕಾರಿ ನೌಕರನಿಗಂತೂ ಇಲ್ಲ. ಆದರೆ ಗ್ರಾಫಿಕ್ ವಿನ್ಯಾಸವನ್ನು ಕಲಿಯಹೊರಟ ಮಗನನ್ನೋ ಮಗಳನ್ನೋ ಕುರಿತು ನಮ್ಮವರು ಆಡುವ ಮಾತಿನಲ್ಲಿ ಭದ್ರತೆಯ ಚಿಂತೆಗಿಂತ ತಾತ್ಸಾರವೇ ಹೆಚ್ಚು. ಇಷ್ಟೆಲ್ಲ ಶುಲ್ಕ ಕಟ್ಟಿ ಕಾಗದ ಕತ್ತರಿಸುವುದನ್ನು ಕಲಿಯಬೇಕೇ ಎಂದು ಕೇಳುತ್ತಾರೆ. ನನ್ನ ತಕರಾರು ಇರುವುದು ಈ ತಾತ್ಸಾರದ ಬಗೆಗೆ.

ಪುಣೆಯ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರ ಮಗಳು ಇಂಥ ಒಂದು ಶಾಲೆಯಲ್ಲಿ ಮೂರನೆಯ ವರ್ಷದಲ್ಲಿದ್ದಾಳೆ. ಮನೆಯಲ್ಲಿ ಆಡುವುದು ಧಾರವಾಡದ ಕನ್ನಡ. ಓದುಬರಹವೆಲ್ಲ ಮರಾಠಿ ಮತ್ತು ಇಂಗ್ಲಿಷಿನಲ್ಲಿ. ಮೊದಲ ವರ್ಷ ಮುಗಿದಾಗ ಅವಳ ತಂದೆ ಅಭ್ಯಾಸದ ಹಾಳೆಗಳ ದೊಡ್ಡ ಕಟ್ಟೊಂದನ್ನು ನನ್ನ ಮುಂದಿಟ್ಟು, "ನೀವಽ ನೋಡ್ರಿ ಸರ, ವರ್ಷಾನಗಟ್ಟಲೆ ಇದನ್ನಽ ಮಾಡ್ಯಾಳ. ಒಂದ್ ಮಾತು ಬುದ್ಧಿ ಹೇಳ್ರಿ" ಎಂದರು. ಬೇರೆ ಕೋರ್ಸಿಗೆ ಸೇರಲು ಆಗ ಇನ್ನೂ ಅವಕಾಶವಿತ್ತು. ಅವರು ಅರ್ಜಿಯನ್ನು ಕೂಡ ತರಿಸಿಟ್ಟಿದ್ದರು.

ನಾನು ಹಾಳೆಗಳನ್ನು ನೋಡಿದೆ. ಒಂದು ಚೌಕದೊಳಗೆ ಕಪ್ಪು ಚುಕ್ಕೆಗಳಿಂದ ಮಾತ್ರವೇ ಜನಸಂದಣಿಯನ್ನು ತೋರಿಸಬೇಕು. ಅದೇ ಅಳತೆಯ ಇನ್ನೊಂದು ಚೌಕದಲ್ಲಿ ಒಂದೇ ಚುಕ್ಕೆಯಿಂದ ಒಂಟಿತನವನ್ನು ತೋರಿಸಬೇಕು. ಹಾಗಾದರೆ ಆ ಚುಕ್ಕೆಯನ್ನು ಎಲ್ಲಿಡಬೇಕು? ಕುರ್ಚಿಯನ್ನು ಬರೆಯದೆ, ಅದರ ಕಾಲುಗಳ ನಡುವಿನ ಬಯಲನ್ನಷ್ಟೇ ಬರೆಯಬೇಕು. ಒಂದೇ ಚೊಂಬನ್ನು ಐವತ್ತು ಸಲ ಬರೆಯಬೇಕು. ಈ ಚೊಂಬುಗಳು ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದವು. ಮೊದಲ ಇಪ್ಪತ್ತರಲ್ಲಿ ಇದ್ದದ್ದು ಅವಳ ತಲೆಯೊಳಗಿನ ಚೊಂಬು, ಅಂದರೆ ಎಲ್ಲರೂ ಬರೆಯುವ ಚೊಂಬು. ಮೂವತ್ತರ ಆಚೆಗೆ ಕಂಠದ ಕೆಳಗಿನ ನೆರಳು, ಒಂದು ಬದಿಯ ತಗ್ಗು, ನೆಲದ ಮೇಲೆ ಅದು ಕೂತ ಭಾರ ಇವೆಲ್ಲ ಒಂದೊಂದಾಗಿ ಕಾಣಿಸಿಕೊಂಡಿದ್ದವು. ಬುದ್ಧಿ ಹೇಳಲು ನನಗೆ ಬಾಯಿ ಬರಲಿಲ್ಲ. ಆ ಅರ್ಜಿ ಹಾಗೆಯೇ ಉಳಿಯಿತು.

ಈ ಬಗೆಯ ಶಿಕ್ಷಣ ಯಾರದೋ ಹುಚ್ಚಿನಿಂದ ಹುಟ್ಟಿದ್ದಲ್ಲ. 1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಆರಂಭವಾದ ಬೌಹೌಸ್ ಶಾಲೆಯಲ್ಲಿ ಯೊಹಾನೆಸ್ ಇಟ್ಟೆನ್ ಇಂಥ ಪ್ರಾಥಮಿಕ ತರಗತಿಯೊಂದನ್ನು ನಡೆಸಿದರು. ನಮ್ಮ ಸರಕಾರದ ಕೋರಿಕೆಯ ಮೇರೆಗೆ ಬಂದ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು 1958ರಲ್ಲಿ ಒಪ್ಪಿಸಿದ ವರದಿಯಲ್ಲಿ, ಈ ದೇಶದಲ್ಲಿ ತಾವು ಕಂಡ ವಸ್ತುಗಳಲ್ಲೆಲ್ಲ ಲೋಟಾವನ್ನೇ ಎತ್ತಿ ಹಿಡಿದು, ಅದು ಎಷ್ಟು ನೀರು ಹಿಡಿಯಬೇಕು, ಸೊಂಟದ ಮೇಲೆ ಹೇಗೆ ಕೂರಬೇಕು, ಸುರಿಯುವಾಗ ತೂಕ ಎತ್ತ ಜರುಗಬೇಕು ಎಂಬಂಥ ಪ್ರಶ್ನೆಗಳನ್ನು ಕೇಳಿಕೊಂಡರು. (ಸರಕಾರಕ್ಕೆ ಒಪ್ಪಿಸಿದ ವರದಿಗಳಲ್ಲಿ ಸಂತೋಷದಿಂದ ಓದಬಹುದಾದವು ಬೆರಳೆಣಿಕೆಯಷ್ಟು, ಇದು ಅವುಗಳಲ್ಲೊಂದು.) ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿಯೂ ಮುಂಬಯಿ ಐಐಟಿಯ ವಿನ್ಯಾಸ ಕೇಂದ್ರ 1969ರಲ್ಲಿಯೂ ಹುಟ್ಟಿದವು. ಇನ್ನು ನಮ್ಮವರೇ ಆದ ಕೆ.ಕೆ. ಹೆಬ್ಬಾರರು (1911–1996) ಉಡುಪಿಯ ಸೀಮೆಯ ಕಟ್ಟಿಂಗೇರಿಯಿಂದ ಮುಂಬಯಿಗೆ ಬಂದು ಹೆಸರಾಂತ ಚಿತ್ರಕಾರರಾದ ಮೇಲೂ, ಲಯವೆಂದರೇನೆಂದು ಮೈಯಲ್ಲಿ ತಿಳಿಯುವುದಕ್ಕಾಗಿ ಕಥಕ್ ನೃತ್ಯವನ್ನು ಅಭ್ಯಾಸ ಮಾಡಿದರು. ಚಿತ್ರ ಬರೆಯುವವನಿಗೆ ಕುಣಿತವೇಕೆಂದು ಯಾರಾದರೂ ಕೇಳಿಯೇ ಇರಬೇಕು. ಅವರ ರೇಖೆಗಳನ್ನು ನೋಡಿದವರು ಮತ್ತೆ ಕೇಳಲಾರರು.

ಹುಡುಗಿಯ ಎರಡನೆಯ ವರ್ಷದಲ್ಲಿ ನಡೆದದ್ದು ನಮ್ಮ ಪತ್ರಿಕೆಯ ಓದುಗರಿಗೆ ಹೆಚ್ಚು ಹತ್ತಿರದ ಸಂಗತಿ. ಸರಾಗವಾಗಿ ಓದಲು ಬಾರದ ಯಾವುದಾದರೊಂದು ಲಿಪಿಯನ್ನು ಆರಿಸಿಕೊಂಡು, ಅದರ ಒಂದೊಂದು ಅಕ್ಷರವನ್ನೂ ಅಂಗೈಯಗಲಕ್ಕೆ ಬರೆಯಬೇಕೆಂಬ ಅಭ್ಯಾಸವನ್ನು ಕೊಟ್ಟರು. ಅವಳು ಕನ್ನಡವನ್ನು ಆರಿಸಿಕೊಂಡಳು. ಕಲಿಸುವ ಮರಾಠಿ ಮಹನೀಯರಿಗೆ ಕನ್ನಡ ಬಾರದು. ಓದಬೇಡ, ನೋಡು ಎಂದಷ್ಟೇ ಹೇಳಿದರಂತೆ. ವಾರಗಟ್ಟಲೆ ಅವಳು ನೋಡಿದಳು. ದೇವನಾಗರಿಯ ಅಕ್ಷರಗಳು ಒಂದೇ ತಲೆಗೆರೆಗೆ ಜೋತುಬಿದ್ದಿರುತ್ತವೆ. ಕನ್ನಡದಲ್ಲಿಯಾದರೋ ತಲೆಕಟ್ಟುಳ್ಳ ಒಂದೊಂದು ಅಕ್ಷರವೂ ಅದನ್ನು ತಾನೇ ಹೊತ್ತು ಬಿಡಿಯಾಗಿ ನಿಲ್ಲುತ್ತದೆ. 'ದ'ದ ಒಡಲ ಕೆಳಗೆ ಒಂದು ಸೀಳು ಬಿದ್ದರೆ 'ಧ', ಅದರೊಳಗೆ ಚುಕ್ಕೆಯೂ ಸೇರಿದರೆ 'ಥ'. ಹೊಟ್ಟೆಯ ಬಯಲು ಕಿರಿದಾದರೆ ಚುಕ್ಕೆಗೆ ಜಾಗವಿಲ್ಲ. ಹಿರಿದಾದರೆ ಅಕ್ಷರ ಬೊಜ್ಜು ಬಂದಂತೆ ಕಾಣುತ್ತದೆ. ಕುರ್ಚಿಯ ಕಾಲುಗಳ ನಡುವಿನ ಬಯಲನ್ನು ಬರೆದವಳಿಗೆ ಇದು ಕೂಡಲೇ ಹೊಳೆಯಿತು.

ಒಂದು ಭಾನುವಾರ ಬಂದು ಕೇಳಿದಳು: "ಕಾಕಾ, 'ಸ್ತ್ರೀ' ಅನ್ನೂವಾಗ ಈ-ಕಾರ ಎಲ್ಲಾದಕ್ಕಿಂತ ಕಡೀಕೆ ಬರ್ತದ. ಬರಿಯೂವಾಗ ಮಾತ್ರ ಅದು ಮೊದಲನೇ 'ಸ'ದ ತಲೀಮ್ಯಾಲೆ ಹೋಗಿ ಕೂಡ್ತದಲ್ಲ, ಯಾಕ?" ಕನ್ನಡದಲ್ಲಿ ಎಂ.ಎ. ಮಾಡಿದವನು ನಾನು. ಪಂಡಿತರ ಮನೆಗಳಲ್ಲಿ ಬೆಳೆದ ಸಹಪಾಠಿಗಳಲ್ಲಿ ಒಬ್ಬರಾದರೂ ಈ ಪ್ರಶ್ನೆಯನ್ನು ಎತ್ತಿದ ನೆನಪಿಲ್ಲ. ಓದಬಲ್ಲವರು ಅಕ್ಷರವನ್ನು ದಾಟಿ ಅರ್ಥಕ್ಕೆ ಧಾವಿಸುತ್ತೇವೆ. ಓದಲಾರದವಳು ಅಕ್ಷರದ ಬಳಿ ನಿಂತಳು. ಹಾಗೆ ನಿಂತು ನಿಂತೇ ಓದಲು ಕಲಿತಳು. ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಗೆ ಚಿಕ್ಕಂದಿನಲ್ಲಿ ನಾಲ್ಕು ವಾರ ಬಂದು ಬಿಟ್ಟುಹೋಗಿದ್ದವಳೂ ಇವಳೇ.

ಕನ್ನಡದಲ್ಲಿ ಅಕ್ಷರವನ್ನು 'ತಿದ್ದುವುದು' ಎನ್ನುತ್ತೇವೆ. ಮರಳಿನ ಮೇಲೋ ಸ್ಲೇಟಿನ ಮೇಲೋ ಬರೆದುಕೊಟ್ಟ ಅಕ್ಷರದ ಮೇಲೆ ಮಗು ಮತ್ತೆ ಮತ್ತೆ ಕೈಯಾಡಿಸುವುದಕ್ಕೂ ಈ ಮಾತು, ಮನುಷ್ಯನ ನಡತೆಯನ್ನು ಸರಿಪಡಿಸುವುದಕ್ಕೂ ಇದೇ ಮಾತು. ಈ ವಿದ್ಯಾರ್ಥಿನಿಯ ವಿಷಯದಲ್ಲಿ ಎರಡು ಅರ್ಥಗಳೂ ಒಟ್ಟಿಗೆ ಸಂದವು. ಅವರ ಶಾಲೆಯಲ್ಲಿ ಕೆಲಸವನ್ನು ಗೋಡೆಗೆ ಚುಚ್ಚಿ, ಎಲ್ಲರ ಎದುರಿಗೆ ಅದರ ಗುಣದೋಷಗಳನ್ನು ಹೇಳುತ್ತಾರೆ. ಮೊದಲಿಗೆ ಅಳುತ್ತ ಮನೆಗೆ ಬರುತ್ತಿದ್ದವಳು ಈಗ ಎದುರಾಡದೆ ಬರೆದುಕೊಂಡು ಬರುತ್ತಾಳೆ. ಒಪ್ಪದಿದ್ದಲ್ಲಿ ಕಾರಣ ಕೊಡುತ್ತಾಳೆ. ಕಚೇರಿಯಲ್ಲಿ ಕರಡಿನ ಎರಡು ಸಾಲು ಹೊಡೆದುಹಾಕಿದರೆ ತಿಂಗಳುಗಟ್ಟಲೆ ಮುಖ ಊದಿಸಿಕೊಳ್ಳುವ ಅಧಿಕಾರಿಗಳೊಡನೆ ಮೂವತ್ತು ವರ್ಷ ಕಳೆದ ನನಗೆ ಇದರ ಬೆಲೆ ಗೊತ್ತು. ಇವಳ ಬೆಳವಣಿಗೆಯೆಂದು ನಾನು ಎಣಿಸುವುದು ಇದನ್ನು. ಅಂಕಪಟ್ಟಿಯನ್ನು ನಾನು ನೋಡಿಲ್ಲ.

ಎಲ್ಲ ವಿನ್ಯಾಸ ಶಾಲೆಗಳೂ ಹೀಗಿವೆಯೆಂದು ನಾನು ಹೇಳಲಾರೆ. ಅಭ್ಯಾಸಗಳನ್ನು ವ್ರತದಂತೆ ಮಾಡಿಸಿ ಮುಗಿಸುವ ಕಡೆಗಳೂ ಇವೆ, ಹಿಂದಿನ ರಾತ್ರಿ ಕಂಪ್ಯೂಟರಿನಲ್ಲಿ ಐವತ್ತು ಚೊಂಬುಗಳನ್ನು ಹುಟ್ಟಿಸುವ ಜಾಣರೂ ಇದ್ದಾರೆ. ಕಲಿತವರಲ್ಲಿ ಅನೇಕರು ಸೋಪಿನ ಡಬ್ಬಿಗೆ ಬಣ್ಣ ಹಾಕುತ್ತ ಕಾಲ ಕಳೆಯುವರೆಂಬುದೂ ನಿಜ. ನಾಲ್ಕು ಮಾತು ಹೇಳಿದರೆ ಯಂತ್ರವೇ ಚಿತ್ರವನ್ನು ಒದಗಿಸುವ ಈ ದಿನಗಳಲ್ಲಿ ಕೈಯಿಂದ ತಿದ್ದುವುದೇಕೆಂದು ಅವಳ ತಂದೆ ಈಚೆಗೆ ಮತ್ತೊಮ್ಮೆ ಕೇಳಿದರು. ಯಂತ್ರ ಕೊಟ್ಟದ್ದರಲ್ಲಿ ಒತ್ತು ಸರಿಯಾಗಿ ಕೂತಿದೆಯೇ ಇಲ್ಲವೇ ಎಂದು ಹೇಳಲು ಕಣ್ಣೊಂದು ಬೇಕಲ್ಲ ಎಂದೆ. ಕಳೆದ ರಾಜ್ಯೋತ್ಸವದಲ್ಲಿ ನಮ್ಮದೇ ವೇದಿಕೆಯ ಫ್ಲೆಕ್ಸ್ ಫಲಕದ ಮೇಲೆ ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಬಿದ್ದಿದ್ದವು. ಅಚ್ಚು ಹಾಕಿದ ಅಂಗಡಿಯವನಿಗೆ ಕನ್ನಡ ಬಾರದು, ಅವನನ್ನು ದೂರುವಂತಿಲ್ಲ. ಕನ್ನಡ ಬಲ್ಲ ನಾವು ಮುನ್ನೂರು ಜನ ಅದರ ಕೆಳಗೆ ಕೂತು ಮೂರು ಗಂಟೆ ಭಾಷಣ ಕೇಳಿದೆವು. ಗುರುತಿಸಿ ಹೇಳಿದವಳು ಅವಳೊಬ್ಬಳೇ.

ಈಗ ಅವಳು ಶ್ರವಣಬೆಳಗೊಳದ ಬಾಹುಬಲಿಯ ಕಾಲಬಳಿಯ ಶಾಸನಗಳನ್ನು ಕೈಗೆತ್ತಿಕೊಂಡಿದ್ದಾಳೆ. ಚಾವುಂಡರಾಯನು ಮೂರ್ತಿಯನ್ನು ಮಾಡಿಸಿದ ಸಂಗತಿ ಅಲ್ಲಿ ಕನ್ನಡ, ತಮಿಳು, ಮರಾಠಿ ಮೂರರಲ್ಲಿಯೂ ಇದೆ. ಮರಾಠಿಯದು ಆ ಭಾಷೆಯ ಅತಿ ಹಳೆಯ ಬರಹಗಳಲ್ಲಿ ಒಂದೆಂದು ಎಣಿಕೆ. ಭಾಷೆ ಬದಲಾದಂತೆ ಉಳಿ ಹಿಡಿದ ಕೈ ಹೇಗೆ ತಿರುಗಿತೆಂದು ನೋಡುವುದು ಅವಳ ಉದ್ದೇಶ. ಪುಣೆಯಲ್ಲಿ ಬೆಳೆದ ಕನ್ನಡದ ಹುಡುಗಿಗೆ ಇದಕ್ಕಿಂತ ತಕ್ಕ ವಿಷಯ ನನಗಂತೂ ತೋಚುವುದಿಲ್ಲ.

ಬರುವ ಜೂನಿನಿಂದ ನಮ್ಮ ಕನ್ನಡ ತರಗತಿಯ ಮೊದಲ ಎಂಟು ವಾರಗಳನ್ನು ಅವಳಿಗೆ ಬಿಟ್ಟುಕೊಡಬೇಕೆಂದೂ, ಆ ಅವಧಿಯಲ್ಲಿ ಪಠ್ಯಪುಸ್ತಕವನ್ನು ತೆರೆಯಕೂಡದೆಂದೂ, ಮಕ್ಕಳು ದೊಡ್ಡ ಹಾಳೆಗಳ ಮೇಲೆ ಕುಂಚದಿಂದ ಅಕ್ಷರಗಳನ್ನು ತಿದ್ದಲೆಂದೂ ಕಾರ್ಯಕಾರಿ ಸಮಿತಿಗೆ ಬರೆದುಕೊಟ್ಟಿದ್ದೇನೆ. ಕಾಗದ ಮತ್ತು ಮಸಿಯ ಖರ್ಚಿನ ಅಂದಾಜನ್ನೂ ಲಗತ್ತಿಸಿದ್ದೇನೆ. ಖಜಾಂಚಿಯವರು ಪರಿಶೀಲಿಸುತ್ತಿದ್ದಾರೆ.